ವಾಗ್ದಾನದ ಚೀಟಿ ಬರೆಯುವ ಅಕ್ಕೋರು

ಮೆಣಸಿನಕಾಯಿ ಅಂಗಡಿಯಲ್ಲಿ ಕುಳಿತು ಅಳುವುದಕ್ಕೆ ಒಂದು ಅನುಕೂಲವಿದೆ. ಯಾಕೆ ಅಳುತ್ತೀಯೆಂದು ಯಾರೂ ಕೇಳುವುದಿಲ್ಲ. ಅಕ್ಕೋರು ತೀರಿಕೊಂಡರೆಂದು ಹಾವೇರಿಯಿಂದ ಫೋನು ಬಂದಾಗ ನಾನು ಬ್ಯಾಡಗಿಯ ಪೇಟೆಯಲ್ಲಿ ಅಣ್ಣನ ದಲಾಲಿ ಅಂಗಡಿಯಲ್ಲಿದ್ದೆ. ಹೊಸ ಮಾಲು ಬಂದು ಬಿದ್ದಿತ್ತು. ಹಮಾಲರಿಂದ ಹಿಡಿದು ಗಿರಾಕಿಗಳ ತನಕ ಎಲ್ಲರ ಕಣ್ಣಲ್ಲೂ ನೀರು, ನನ್ನದೂ ಅದರಲ್ಲಿ ಸೇರಿಹೋಯಿತು. ಅಣ್ಣ ಮಾತ್ರ ನನ್ನ ಮುಖ ನೋಡಿ, "ಯಾರು, ಆ ಚೀಟಿ ಅಕ್ಕೋರೇನು?" ಎಂದು ಕೇಳಿ ತನ್ನ ಹೆಗಲ ಮೇಲಿನ ಟವೆಲ್ಲು ಕೊಟ್ಟ.

ಅವರು ನನ್ನ ಸಹೋದ್ಯೋಗಿ. ಎಂಬತ್ತರ ದಶಕದುದ್ದಕ್ಕೂ ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ಅವರು ಕನ್ನಡ ಕಲಿಸಿದರು, ನಾನು ಗಣಿತ ಕಲಿಸಿದೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುವುದು ರೂಢಿ. ನಮ್ಮ ಶಾಲೆಯಲ್ಲಿ ಇನ್ನೂ ಮೂರ್ನಾಲ್ಕು ಮಂದಿ ಅಕ್ಕೋರಿದ್ದರು, ಆದರೆ ಬರೀ ಅಕ್ಕೋರು ಅಂದರೆ ಇವರೊಬ್ಬರೇ. ಗಿಡ್ಡ ಮೈಕಟ್ಟು, ಗಂಜಿ ಹಾಕಿದ ವಾಯಿಲ್ ಸೀರೆ, ಹೆಗಲಿಗೆ ಕ್ಯಾನ್ವಾಸಿನ ಚೀಲ, ಕೈಗೆ ಗಂಡಸರ ವಾಚು. ಅಪ್ಪ ಕಟ್ಟಿಕೊಳ್ಳುತ್ತಿದ್ದ ವಾಚು ಅದು ಎಂದು ಒಮ್ಮೆ ಹೇಳಿದ್ದರು. ಅದು ಯಾವಾಗಲೂ ಸ್ವಲ್ಪ ಮುಂದೆ ಓಡುತ್ತಿತ್ತು, ಅವರೂ ಹಾಗೇ.

ಅವರು ಕ್ರೈಸ್ತರು, ಮೂರು ತಲೆಮಾರಿನಿಂದ. ಅವರ ಮಾತಿಗೆ ಒಂದು ಬಾಲವಿತ್ತು. ಏನೇ ಹೇಳಿದರೂ ಕೊನೆಗೆ "ದೇವರ ಚಿತ್ತ ಇದ್ದರ" ಎಂದು ಸೇರಿಸುತ್ತಿದ್ದರು. ನಾಳೆ ಮೀಟಿಂಗಿಗೆ ಬರುತ್ತೇನೆ, ದೇವರ ಚಿತ್ತ ಇದ್ದರ. ಸೋಮವಾರ ಹತ್ತನೇ ಇಯತ್ತೆಗೆ ಟೆಸ್ಟು, ದೇವರ ಚಿತ್ತ ಇದ್ದರ. ಕುಪ್ಪೇಲೂರಿನಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ತಲೆಹರಟೆ ಒಮ್ಮೆ ಎದ್ದು ನಿಂತು ಕೇಳಿದನಂತೆ:

"ದೇವರ ಚಿತ್ತ ಇರಲಿಲ್ಲಂದ್ರ ಟೆಸ್ಟ್ ಇರೂದಿಲ್ಲೇನ್ರಿ ಅಕ್ಕೋರ?"

"ಅವನ ಚಿತ್ತ ಸೋಮವಾರ ಗೊತ್ತಾಕ್ಕೈತಿ. ನಿನ್ನ ಚಿತ್ತ ಎಲ್ಲೈತಿ ಅನ್ನೂದು ಈಗ ಗೊತ್ತಾತು. ಕುಂದ್ರು."

ನಾನು ಲೆಕ್ಕದ ಮಾಸ್ತರ. ಸಮೀಕರಣದ ಎರಡೂ ಬದಿ ಸರಿಹೊಂದದಿದ್ದರೆ ನನಗೆ ಊಟ ಸೇರುವುದಿಲ್ಲ. ಅಕ್ಕೋರ ಎರಡು ಬದಿ ನನಗೆ ಎಂದೂ ಸರಿಹೊಂದಲಿಲ್ಲ. ಎಲ್ಲವನ್ನೂ ದೇವರ ಮೇಲೆ ಹಾಕುವ ಹೆಂಗಸು ಕೈಕಟ್ಟಿ ಆರಾಮ ಕೂಡಬೇಕಲ್ಲ. ಇವರು ಸಂತೆಯಲ್ಲಿ ಅರ್ಧ ಕಿಲೋ ಬದನೆಕಾಯಿ ಕೊಳ್ಳಲು ಒಂದೊಂದನ್ನೇ ಎತ್ತಿ, ತಿರುವಿ, ತೊಟ್ಟು ನೋಡಿ, ಮಾರುವವಳು ಬೇಸತ್ತು ಬುಟ್ಟಿಯನ್ನೇ ಇವರತ್ತ ದೂಡುವ ತನಕ ಆರಿಸುತ್ತಿದ್ದರು. "ಬದನೀಕಾಯಿ ಆರಿಸೂ ಮುಂದ ದೇವರನ್ನ ಕೇಳೂದಿಲ್ಲೇನ್ರಿ?" ಎಂದು ನಾನು ಕೆಣಕಿದೆ. "ಇದಕ್ಕೆಲ್ಲಾ ಅವಂಗ ಯಾಕ ತ್ರಾಸ ಕೊಡ್ಲಿ? ಕಣ್ಣು ಕೊಟ್ಟಾನಲ್ಲ," ಎಂದು ಇನ್ನೊಂದು ಬದನೆಕಾಯಿ ವಾಪಸು ಹಾಕಿದರು.

ಶನಿವಾರ ಶಾಲೆ ಅರ್ಧ ದಿನ. ಅವರು ತಂಗಿಯನ್ನು ನೋಡಲು ಹಾವೇರಿಗೆ ಹೋಗುವರು, ನಾನು ಬ್ಯಾಡಗಿಗೆ, ಇಬ್ಬರಿಗೂ ಒಂದೇ ಪ್ಯಾಸೆಂಜರ್ ಗಾಡಿ. ಗಂಟೆ ಹೊಡೆದದ್ದೇ ತಡ, ಅಕ್ಕೋರು ನೆರಿಗೆ ಎತ್ತಿ ಹಿಡಿದು ಸ್ಟೇಷನ್ನಿನ ಕಡೆ ಓಡಿದಂತೆ ನಡೆಯುವರು. ಹಿಂದಿನಿಂದ ಏದುಸಿರು ಬಿಡುತ್ತ ನಾನು. ಒಮ್ಮೆ ಕೇಳಿಯೇಬಿಟ್ಟೆ, ಗಾಡಿ ಸಿಗುವುದು ದೇವರ ಚಿತ್ತ ಅಂದ ಮೇಲೆ ಹೀಗೆ ಓಡುವುದು ಯಾಕೆ ಎಂದು.

"ಗಾಡಿ ನನ್ನ ಕೈಯಾಗಿಲ್ಲ, ಮಾಸ್ತರ. ಕಾಲು ಅದಾವಲ್ಲ."

ಇದು ಉತ್ತರವೋ ನುಣುಚಿಕೊಳ್ಳುವ ಮಾತೋ ನನಗೆ ತಿಳಿಯಲಿಲ್ಲ. ಆದರೆ ಅವರು ನುಣುಚಿಕೊಳ್ಳುವ ಪೈಕಿ ಅಲ್ಲ ಎನ್ನುವುದಕ್ಕೆ ಸ್ಟಾಫ್ ರೂಮಿನಲ್ಲಿ ಒಂದು ಸಾಕ್ಷಿ ಸಿಕ್ಕಿತು. ಅವರು ಮದುವೆಯಾಗಿರಲಿಲ್ಲ. ಹಿರಿಯ ಮಾಸ್ತರೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, "ನಿಮಗ ಲಗ್ನದ ಯೋಗ ಇರಲಿಲ್ಲ ನೋಡ್ರಿ, ಎಲ್ಲಾ ದೇವರ ಇಚ್ಛಾ," ಎಂದರು. ಅಕ್ಕೋರು ತಿದ್ದುತ್ತಿದ್ದ ಪೇಪರಿನಿಂದ ತಲೆ ಎತ್ತಿದರು. "ಹಂಗೇನಿಲ್ಲರಿ. ಎರಡು ಸಂಬಂಧ ಬಂದಿದ್ವು, ಚಲೋನ ಇದ್ವು. ನಾನ ಒಲ್ಲೆ ಅಂದೆ. ಅದರಾಗ ದೇವರದೇನು ಇಲ್ಲ." ಹೆಡ್ ಮಾಸ್ತರು ಸುಮ್ಮಸುಮ್ಮನೆ ಕೆಮ್ಮಿದರು. ತಾನು ಮಾಡಿದ್ದನ್ನು ದೇವರ ತಲೆಗೆ ಕಟ್ಟದ ಭಕ್ತರನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ನಮ್ಮ ಮನೆಯಲ್ಲಿ ಎಲ್ಲವೂ ಬೇರೆ ಥರ. ಅವ್ವ ಯಾವ ಮುಖ್ಯ ಕೆಲಸಕ್ಕೂ ಮೊದಲು ದೇವಿಯ ಗುಡಿಗೆ ಹೋಗಿ ಹೂವಿನ ಅಪ್ಪಣೆ ಕೇಳುತ್ತಿದ್ದಳು. ಮೂರ್ತಿಗೆ ನೀರು ಹಚ್ಚಿ ಹೂ ಅಂಟಿಸುತ್ತಾರೆ, ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಅಣ್ಣನೋ, ದೇವರಗುಡ್ಡದ ಜಾತ್ರೆಯಲ್ಲಿ ನುಡಿಯುವ ಭವಿಷ್ಯ, ಕಾರ್ಣಿಕದ ಒಂದು ಸಾಲು ಕೇಳಿಕೊಂಡು ಬಂದು ಮೆಣಸಿನಕಾಯಿ ಮಾರಬೇಕೋ ಹಿಡಿದಿಡಬೇಕೋ ಎಂದು ವಾರಗಟ್ಟಲೆ ಅರ್ಥ ಹಚ್ಚುತ್ತಿದ್ದ. ಇದನ್ನೆಲ್ಲ ಹೇಳಿದರೆ ಅಕ್ಕೋರು ನಗುತ್ತಿರಲಿಲ್ಲ, ಕಿವಿಗೊಟ್ಟು ಕೇಳುತ್ತಿದ್ದರು. "ಎಡಕ್ಕ ಬಿದ್ರ ನಿಮ್ಮವ್ವಾರು ಏನ ಮಾಡ್ತಾರ?" ಎಂದು ಒಮ್ಮೆ ಕೇಳಿದರು. "ಮುಂದಿನ ಸೋಮವಾರ ಮತ್ತೊಮ್ಮೆ ಕೇಳ್ತಾಳರಿ," ಎಂದೆ. ಆಗ ಮಾತ್ರ ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ನಮ್ಮವರೂ ಹಂಗ, ಮಾಸ್ತರ. ಪರಾತದಾಗ ಒಂದು ಚೀಟಿ ತಗೊಂಡು, ಓದಿ, ಮನಸ್ಸಿಗೆ ಬರಲಿಲ್ಲಂದ್ರ ಬಾಜೂದವರ ಕೂಡ ಬದಲಿ ಮಾಡ್ಕೊಂತಾರ."

ಆ ಚೀಟಿಯ ವಿಷಯ ಹೇಳಬೇಕು. ಅವರ ಸಭೆ ಸಣ್ಣದು, ಸ್ಟೇಷನ್ನಿನ ಹಿಂದೆ ಒಂದು ಹಂಚಿನ ಚರ್ಚು. ಹೊಸ ವರ್ಷದ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಪರಾತ ಅನ್ನುವ ಒಂದು ಅಗಲ ಸ್ಟೀಲಿನ ತಟ್ಟೆಯಲ್ಲಿ ಚೀಟಿಗಳನ್ನು ಬೋರಲು ಹಾಕಿ ಸಾಲಿನಿಂದ ಸಾಲಿಗೆ ದಾಟಿಸುತ್ತಾರೆ. ಒಬ್ಬೊಬ್ಬರು ಒಂದೊಂದು ಎತ್ತಬೇಕು. ಅದರ ಮೇಲೆ ವೇದಪುಸ್ತಕದ ಒಂದು ವಚನ. ಅದು ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ವಾಗ್ದಾನ. ದೊಡ್ಡ ಊರುಗಳಲ್ಲಿ ಅಚ್ಚು ಹಾಕಿದ ಚೀಟಿ ತರಿಸುತ್ತಾರಂತೆ. ಇಲ್ಲಿ ಅಕ್ಕೋರು ಡಿಸೆಂಬರ್ ತಿಂಗಳುದ್ದಕ್ಕೂ ಬಿಡುವಿನ ಪೀರಿಯಡ್ಡಿನಲ್ಲಿ ಕೂತು ಕೈಯಿಂದ ಬರೆಯುತ್ತಿದ್ದರು. ಅವರ ಅಕ್ಷರ ನೋಡಲು ಹುಡುಗರು ಬೋರ್ಡು ಅಳಿಸದೆ ಬಿಡುತ್ತಿದ್ದರು, ಅಷ್ಟು ಚೆಂದ.

ದಪ್ಪ ಕಾಗದ ಒದಗಿಸುವುದು ನನ್ನ ಕೆಲಸ. ಅಣ್ಣನ ಅಂಗಡಿಗೆ ಸುತ್ತ ಹತ್ತು ಹಳ್ಳಿಯ ರೈತರ ಮನೆಯ ಲಗ್ನಪತ್ರಿಕೆ ಬರುತ್ತಿದ್ದವು. ಡಿಸೆಂಬರ್ ಬರುವ ಮುನ್ನ ಅವನ್ನು ಕಟ್ಟು ಕಟ್ಟಿ ತಂದು ಕೊಡುತ್ತಿದ್ದೆ. ಅಕ್ಕೋರು ಹಿಂಬದಿಯ ಖಾಲಿ ಜಾಗ ನೋಡಿ ಕತ್ತರಿಸುವರು. ಹೀಗಾಗಿ ಒಂದು ಮಗ್ಗುಲಿಗೆ ದೇವರ ವಾಗ್ದಾನ, ಇನ್ನೊಂದು ಮಗ್ಗುಲಿಗೆ ಮೇಡ್ಲೇರಿಯ ಯಾವುದೋ ವರನ ಅರ್ಧ ಹೆಸರು. ಒಂದು ವರ್ಷ ಕಟ್ಟು ಮೆಣಸಿನಕಾಯಿ ಚೀಲದ ಪಕ್ಕದಲ್ಲೇ ಬಿದ್ದಿತ್ತು. ಹೊಸ ವರ್ಷದ ದಿನ ಪರಾತ ದಾಟಿದಂತೆಲ್ಲ ಸಭೆಯೆಲ್ಲ ಸಾಲು ಹಿಡಿದು ಸೀನಿತಂತೆ. ಸಭೆಯ ಪಾದ್ರಿಗಳು, ಅವರು ಅಯ್ಯನವರು ಅನ್ನುತ್ತಿದ್ದರು, ಆಶೀರ್ವಾದ ಹೇಳುವಾಗ ತಾವೂ ಸೀನಿದರು. ಅಕ್ಕೋರು ಅದನ್ನು ಸ್ಟಾಫ್ ರೂಮಿನಲ್ಲಿ ನಟಿಸಿ ತೋರಿಸಿದ್ದರು.

ಅವರು ಬರೆಯುವಾಗ ಎದುರಿಗೆ ಕೂತು ನೋಡುವುದು ನನಗೊಂದು ಚಟ. ಒಮ್ಮೆ ಗಮನಿಸಿದೆ, ವೇದಪುಸ್ತಕ ತೆರೆದು ಒಂದು ವಚನ ಓದಿ, ತುಟಿ ಕಚ್ಚಿ, ಅದನ್ನು ಬಿಟ್ಟು ಮುಂದಿನದಕ್ಕೆ ಹೋದರು.

"ಇದು ಯಾಕ ಬ್ಯಾಡಾತು?"

"ಇದು ಶಿಕ್ಷಾದ್ದು, ಮಾಸ್ತರ. ಯಾರ ಕೈಗೆ ಹೋಗತೈತೋ ಏನೋ. ಮೊನ್ನೆ ಗಂಡನ್ನ ಕಳಕೊಂಡಾಕಿ ಕೈಗೆ ಹೋದ್ರ?"

ನನಗೆ ಖುಷಿಯೋ ಖುಷಿ. ಸಿಕ್ಕಿಬಿದ್ದರು ಅಂದುಕೊಂಡೆ. "ಹಂಗಾರ ಆರಿಸಾವ ದೇವರಲ್ಲ, ನೀವು."

ಅವರು ಪೆನ್ನು ಕೆಳಗಿಟ್ಟರು. ಸಿಟ್ಟು ಬಂತೇನೋ ಎಂದು ನಾನು ಕಾದೆ. ಅವರು ನಿಜಕ್ಕೂ ಯೋಚಿಸುತ್ತಿದ್ದರು. "ಒಂದಿಷ್ಟು ನಾನು ಆರಸ್ತೇನಿ, ಖರೇ," ಎಂದರು. "ಎಲ್ಲಿ ತನಾ ನಂದು, ಎಲ್ಲಿಂದ ಅವಂದು, ಅದು ನನಗ ಗೊತ್ತಾಗಿಲ್ಲ. ನಿಮಗ ಗೊತ್ತಾದ್ರ ಹೇಳ್ರಿ." ಮತ್ತೆ ಬರೆಯತೊಡಗಿದರು. ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮೇಡ್ಲೇರಿ ರಸ್ತೆಯಲ್ಲಿ ಅವರ ಸಭೆಯವನೇ ಆದ ದೇವದಾನಪ್ಪನ ಹಿಟ್ಟಿನ ಗಿರಣಿ ಇತ್ತು. ಖಾರ ಕುಟ್ಟುವ ಮಷೀನೂ ಅಲ್ಲಿತ್ತು. ನಮ್ಮ ಶಾಲೆಯ ಮಾಸ್ತರರಿಗೆಲ್ಲ ವರ್ಷದ ಖಾರಕ್ಕೆ ಬ್ಯಾಡಗಿಯಿಂದ ಮೆಣಸಿನಕಾಯಿ ತಂದು ಕುಟ್ಟಿಸಿ ಕೊಡುವ ಸೇವೆಯೂ ನನ್ನ ಪಾಲಿಗೇ ಬಂದಿತ್ತು, ಹೀಗಾಗಿ ಅವನ ಪರಿಚಯ. ಅವನ ಹೆಂಡತಿ ಶಾಂತವ್ವ, ಒಬ್ಬಳೇ ಮಗಳು ಕರುಣಾ. ಎರಡನೇ ಇಯತ್ತೆಯ ಹುಡುಗಿ. ಬಹಳ ಮಾತು, ನಡೆಯುವುದು ಕಡಿಮೆ. ನಾಲ್ಕು ಹೆಜ್ಜೆ ನಡೆದರೆ ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಿದ್ದಳು, ತುಟಿ ನೀಲಿಯಾಗುತ್ತಿತ್ತು. ಹೃದಯದಲ್ಲಿ ತೂತಿದೆ, ಬೆಂಗಳೂರಿಗೆ ಒಯ್ದು ಆಪರೇಷನ್ ಮಾಡಿಸಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಮಾಡಿಸಿದರೂ ಅಪಾಯವಿದೆ, ಬಿಟ್ಟರೆ ಬಹಳ ವರ್ಷ ಉಳಿಯುವುದಿಲ್ಲ ಎಂದೂ ಮುಚ್ಚಿಡದೆ ಹೇಳಿದ್ದರು. ಗಂಡ ಹೆಂಡತಿ ಒಯ್ಯುವುದೋ ಬಿಡುವುದೋ ಎಂದು ತಿಂಗಳುಗಟ್ಟಲೆ ತೂಗಾಡುತ್ತಿದ್ದರು.

ಆ ವರ್ಷ ಜನವರಿಯ ಮೊದಲ ವಾರ ನಾನು ಖಾರ ಕುಟ್ಟಿಸಲು ಹೋದಾಗ ದೇವದಾನಪ್ಪನ ಮುಖದಲ್ಲಿ ಗೆಲುವಿತ್ತು. "ಚಿಂತಿ ಬಿಡ್ತರಿ ಮಾಸ್ತರ. ಮನಸ್ಸಿನಾಗ ಈ ಪ್ರಶ್ನಾ ಇಟ್ಕೊಂಡ ಚೀಟಿ ಎತ್ತಿದೆ. ಉತ್ತರ ಬಂತು." ಗೋಡೆಗೆ ಅಂಟಿಸಿದ್ದ ಚೀಟಿ ತೋರಿಸಿದ. ಅಕ್ಕೋರ ಅಕ್ಷರ. ನೀವು ಸುಮ್ಮನೆ ಇರಿ, ನಿಮ್ಮ ಪರವಾಗಿ ದೇವರೇ ಹೋರಾಡುತ್ತಾನೆ ಎನ್ನುವ ಅರ್ಥದ ವಚನ. ಬೆಂಗಳೂರಿಗೆ ಹೋಗುವುದನ್ನು ಅವರು ಕೈಬಿಟ್ಟಿದ್ದರು.

ನಾನು ಮರುದಿನ ಶಾಲೆಯಲ್ಲಿ ತಮಾಷೆಯಾಗಿಯೇ ಹೇಳಿದೆ, ನಿಮ್ಮ ಚೀಟಿ ಈಗ ಡಾಕ್ಟರಿಕಿಗೂ ಇಳಿದಿದೆ ಎಂದು. ಅಕ್ಕೋರು ನಗಲಿಲ್ಲ. ಇಡೀ ಕಥೆ ಎರಡು ಸಲ ಹೇಳಿಸಿಕೊಂಡರು. ಸಂಜೆ ಗಂಟೆ ಹೊಡೆದ ಕೂಡಲೇ ಮನೆಯ ಕಡೆ ಹೋಗದೆ ಮೇಡ್ಲೇರಿ ರಸ್ತೆ ಹಿಡಿದರು. ಕುಟ್ಟಿಸಿದ ಖಾರ ತರುವ ನೆಪ ಹೇಳಿ ನಾನೂ ಹೊರಟೆ. ಖರೇ ಹೇಳಬೇಕೆಂದರೆ, ಅವರು ಏನು ಹೇಳುತ್ತಾರೆಂದು ನೋಡುವ ಆಸೆ.

ಗಿರಣಿಯ ಪಟ್ಟಾ ಜೋರಾಗಿ ತಿರುಗುತ್ತಿತ್ತು. ದೇವದಾನಪ್ಪನ ಹುಬ್ಬು ಮೀಸೆಯೆಲ್ಲ ಹಿಟ್ಟು. ಅಕ್ಕೋರು ಕೈಸನ್ನೆ ಮಾಡಿ ಮಷೀನು ನಿಲ್ಲಿಸಿದರು.

"ಆ ಚೀಟಿ ನಾ ಬರದದ್ದು, ದೇವದಾನಪ್ಪ."

"ಗೊತ್ತೈತ್ರಿ. ನಿಮ್ಮ ಅಕ್ಷರ ಯಾರಿಗೆ ಗೊತ್ತಿಲ್ಲ? ಬರದೋರು ನೀವು, ಎತ್ತಿದಾವ ನಾನು. ಆದ್ರ ಅಷ್ಟು ಚೀಟಿಯೊಳಗ ಅದ ನನ್ನ ಕೈಗೆ ಬಂತಲ್ಲ, ಅದು ಅವನ ಕೆಲಸ."

"ಇರಬಹುದು. ಡಾಕ್ಟರ ಬಾಯಿಂದ ಬಂದ ಮಾತೂ ಅವನ ಕೆಲಸ ಇರಬಹುದಲ್ಲ? ನಾ ಇವತ್ತ ಇಲ್ಲಿಗೆ ನಡಕೊಂಡು ಬಂದದ್ದು?"

ಒಳಗಿನಿಂದ ಶಾಂತವ್ವ ಬಂದು ಬಾಗಿಲಲ್ಲಿ ನಿಂತಿದ್ದಳು. ಮಾತಾಡಿದ್ದು ಅವಳು.

"ಸುಮ್ಮ ಕುಂತು ಏನಾರ ಆದ್ರ ಅದು ದೇವರದು, ಅಕ್ಕೋರ. ಒಯ್ದು ಏನಾರ ಆದ್ರ ಅದು ನಮ್ಮದು. ನಾವ ಕೈಯಾರೆ ಒಯ್ದು ಕಳಕೊಂಡ್ವಿ ಅಂತ ಆಕ್ಕೈತಿ. ಅದನ್ನ ನಾ ಹೆಂಗ ತಡಕೊಳ್ಲಿ?"

ಅಷ್ಟು ಹೊತ್ತು ನಾನು ಇದನ್ನೊಂದು ವಾದ ಅಂದುಕೊಂಡಿದ್ದೆ. ಆ ಹೆಂಗಸಿಗೆ ಚೀಟಿ ಬೇಕಾದದ್ದು ಉತ್ತರಕ್ಕಲ್ಲ, ಹೊರೆ ಇಳಿಸಲು ಎನ್ನುವುದು ಆಗ ತಿಳಿಯಿತು. ಅಕ್ಕೋರು ಅವಳ ಹತ್ತಿರ ಹೋಗಿ ನಿಂತರು.

"ಸುಮ್ಮ ಕುಂದ್ರೂದೂ ನೀ ಆರಿಸಿದ್ದ ಆಕ್ಕೈತಿ, ತಂಗಿ. ಅದರಿಂದ ತಪ್ಪಿಸ್ಕೊಳ್ಳಾಕ ಬರೂದಿಲ್ಲ. ಒಯ್ಯೂಣು. ನಾನೂ ಬರತೇನಿ. ಏನಾರ ಆದ್ರ ಅಕ್ಕೋರೂ ಒಯ್ದಾಕಿ ಅಂತ ಹೇಳು."

"ದೇವರು ಉಳಸ್ತಾನಂತ ಒಂದು ಮಾತು ಹೇಳ್ರಿ, ನಾಳೇನ ಒಯ್ತೇನಿ," ಎಂದ ದೇವದಾನಪ್ಪ.

ಹೇಳಿಬಿಡಬಾರದೇ ಎಂದು ನನಗೆ ಅನಿಸಿತು. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಅಕ್ಕೋರು ತಲೆ ಅಲ್ಲಾಡಿಸಿದರು. "ಅದನ್ನ ಹೇಳಾಕ ನನಗ ಬರೂದಿಲ್ಲಪ್ಪ. ಗೊತ್ತಿಲ್ಲದ್ದನ್ನ ಅವನ ಹೆಸರಿಲೆ ಹೆಂಗ ಹೇಳ್ಲಿ?" ದೇವದಾನಪ್ಪ ಸಿಟ್ಟಿನಿಂದ ಮಷೀನು ಚಾಲೂ ಮಾಡಿದ. ನಾವು ಹಿಟ್ಟಿನ ಧೂಳು ಜಾಡಿಸಿಕೊಳ್ಳುತ್ತ ಹೊರಗೆ ಬಂದೆವು. ನನ್ನ ಖಾರದ ಡಬ್ಬಿ ಅಲ್ಲೇ ಉಳಿಯಿತು.

ಕೆಲವು ದಿನಗಳ ಮೇಲೆ ಶಾಂತವ್ವ ಒಬ್ಬಳೇ ಶಾಲೆಗೆ ಬಂದಳು. ಸ್ಟಾಫ್ ರೂಮಿನ ಹೊಸ್ತಿಲ ಹೊರಗೇ ನಿಂತು, "ನೀವು ಬರೂದು ಖರೇ ಏನ್ರಿ?" ಎಂದು ಕೇಳಿದಳು. ಅಕ್ಕೋರು ಅಲ್ಲಿಯೇ ರಜೆ ಅರ್ಜಿ ಬರೆದರು. ಕೊನೆಗೆ ದೇವದಾನಪ್ಪನೂ ಜೊತೆಗೆ ಹೊರಟ. ಬೆಂಗಳೂರಿನ ಗಾಡಿ ಹರಿಹರದ ಸೇತುವೆ ದಾಟುವಾಗ ಡಬ್ಬಿಯಲ್ಲಿದ್ದವರೆಲ್ಲ ತುಂಗಭದ್ರೆಗೆ ಚಿಲ್ಲರೆ ಎಸೆದರಂತೆ. ಕರುಣಾ ತನಗೂ ಬೇಕೆಂದು ಹಟ ಹಿಡಿದಳು. ತಂದೆ ನಮಗೆ ಅದೆಲ್ಲ ಇಲ್ಲ ಎಂದ. ಅಕ್ಕೋರು ಸುಮ್ಮನೆ ತಮ್ಮ ಚೀಲದಿಂದ ತೆಗೆದು ಕೊಟ್ಟರು, ಹುಡುಗಿ ಎಸೆದು ಚಪ್ಪಾಳೆ ತಟ್ಟಿದಳು.

ಆಪರೇಷನ್ ಆಯಿತು. ಹುಡುಗಿ ಕಣ್ಣು ತೆರೆದು ನೀರು ಕೇಳಿದಳು, ಅಕ್ಕೋರಿಗೆ ಹಲ್ಲು ಕಿರಿದು ತೋರಿಸಿದಳು. ಆಮೇಲೆ ಜ್ವರ ಏರಿತು. ಡಾಕ್ಟರುಗಳು ಕೈಲಾದದ್ದೆಲ್ಲ ಮಾಡಿದರು. ಕರುಣಾ ಉಳಿಯಲಿಲ್ಲ.

ರಾಣೆಬೆನ್ನೂರಿನಲ್ಲಿ ಮಣ್ಣು ಮಾಡುವಾಗ ಶಾಲೆಯ ಕಡೆಯಿಂದ ನಾವು ಮೂರ್ನಾಲ್ಕು ಮಂದಿ ಹೋಗಿದ್ದೆವು. ಅಯ್ಯನವರು ಪ್ರಾರ್ಥನೆಯಲ್ಲಿ ದೇವರ ಚಿತ್ತ ಎಂದರು. ಸಭೆಯ ಹೆಂಗಸರು ಶಾಂತವ್ವನ ಬೆನ್ನು ಸವರುತ್ತ ದೇವರ ಚಿತ್ತ ಎಂದರು. ನಾನು ಅಕ್ಕೋರ ಬಾಯಿಯನ್ನೇ ನೋಡುತ್ತಿದ್ದೆ. ಟೆಸ್ಟಿಗೂ ಮೀಟಿಂಗಿಗೂ ಆ ಮಾತು ಹೇಳುವ ಹೆಂಗಸು ಅಲ್ಲಿ ತುಟಿ ತೆರೆಯಲಿಲ್ಲ. ಶಾಂತವ್ವ ಒಮ್ಮೆಲೇ ತಿರುಗಿ ಅವರತ್ತ ನೋಡಿದಳು.

"ನೀವ ಒಯ್ದ್ರಿ."

ಸುತ್ತಲಿನವರು ಅವಳನ್ನು ತಡೆಯಲು ಹೋದರು. ಅಕ್ಕೋರು ಬೇಡ ಎಂದು ಕೈ ಮಾಡಿದರು. "ಹೌದವ್ವಾ," ಎಂದರು. "ನಾ ಒಯ್ದೆ."

ಅಷ್ಟೇ. ಅದಕ್ಕೆ ಇನ್ನೊಂದು ಮಾತು ಸೇರಿಸಲಿಲ್ಲ. ಮನುಷ್ಯರು ಹಾಗೆ ನಿಂತುಕೊಳ್ಳಬಲ್ಲರು ಎಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಅವರ ಮಾತಿನ ಬಾಲ ಉದುರಿಹೋಯಿತು. ಸೋಮವಾರ ಟೆಸ್ಟು ಎಂದರೆ ಸೋಮವಾರ ಟೆಸ್ಟು. ಹುಡುಗರಿಗೆ ಏನೋ ಕಳೆದುಕೊಂಡ ಹಾಗೆ. ಡಿಸೆಂಬರ್ ಬಂದಾಗ ನಾನು ಅಳುಕುತ್ತಲೇ ಲಗ್ನಪತ್ರಿಕೆಯ ಕಟ್ಟು ಮೇಜಿನ ಮೇಲಿಟ್ಟೆ. ಅವರು ಕತ್ತರಿ ತೆಗೆದುಕೊಂಡರು, ಬರೆದರು, ಆ ಸುಮ್ಮನೆ ಇರಿ ಎನ್ನುವ ವಚನವನ್ನೂ ಬರೆದರು. ನಾನು ಹುಬ್ಬೇರಿಸಿದ್ದು ನೋಡಿ, "ಅದು ಸುಳ್ಳಲ್ಲ, ಮಾಸ್ತರ. ಅಂಜಿದವರಿಗೆ ಧೈರ್ಯ ಹೇಳೂ ಮಾತದು. ಅದನ್ನ ಅಪ್ಪಣಿ ಅಂತ ತಿಳಕೊಂಡದ್ದು ತಪ್ಪು," ಎಂದರು. ಹೊಸ ವರ್ಷದ ದಿನ ಪರಾತ ಬಂದಾಗ ಶಾಂತವ್ವ ಕೈ ಹಾಕದೆ ಮುಂದಿನವರಿಗೆ ದಾಟಿಸಿದಳಂತೆ. ಅಕ್ಕೋರ ಜೊತೆ ಮಾತೂ ಇರಲಿಲ್ಲ.

ನನ್ನ ಕುತೂಹಲ ಕೆಟ್ಟದ್ದು. ಒಂದು ಶನಿವಾರ, ಗಾಡಿ ತಡವಾಗಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಾಗ ಕೇಳಿದೆ. "ಈಗ ಯಾಕ ಅನ್ನೂದಿಲ್ಲರಿ, ದೇವರ ಚಿತ್ತ ಅಂತ?"

ಹಳಿಯ ಕಡೆ ತಿರುಗಿ ಹೇಳಿದರು. "ಅದು ಮುಂದಿಂದಕ್ಕ ಹೇಳೂ ಮಾತು, ಮಾಸ್ತರ. ನಾ ಹೊಂಟೇನಿ, ಉಳಿದದ್ದು ನಿನ್ನ ಕೈಯಾಗೈತಿ ಅಂತ. ಆಗಿ ಹೋದದ್ದಕ್ಕ ಹೇಳಿದ್ರ ಕೈ ತೊಳಕೊಂಡಂಗ ಆಕ್ಕೈತಿ." ಸೆರಗಿನಿಂದ ಮುಖ ಒರೆಸಿಕೊಂಡರು. "ಈಗ ನನಗ ಮುಂದಿಂದು ಏನೂ ಕಾಣವಲ್ದು. ಅದಕ್ಕ ಬಾಯಿಗೆ ಬರವಲ್ದು."

"ಒಯ್ದದ್ದು ತಪ್ಪಾತಂತ ಅನಸ್ತೈತೇನು?"

"ಇಲ್ಲ. ಇವತ್ತ ಕೇಳಿದ್ರೂ ಒಯ್ಯತೇನಿ. ಸರಿ ಮಾಡಿದ್ರ ಎಲ್ಲಾ ಸರಿ ಆಕ್ಕೈತಿ ಅಂತ ಅವನು ನನಗ ಎಂದೂ ಹೇಳಿಲ್ಲ." ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, "ಆದ್ರ ಸಿಟ್ಟು ಬರತೈತಿ ಅವನ ಮ್ಯಾಲೆ. ದಿನಾ ಪ್ರಾರ್ಥನಾದಾಗ ಜಗಳ ಆಡತೇನಿ," ಎಂದರು. ಜಗಳ ಆಡುವುದಕ್ಕಾದರೂ ದಿನಾ ಹೋಗುತ್ತಿದ್ದರು ಎನ್ನುವುದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ.

ತೊಂಬತ್ತರ ಆಚೆ ಅವರು ನಿವೃತ್ತರಾಗಿ ಹಾವೇರಿಗೆ, ತಂಗಿಯ ಮನೆಗೆ ಹೋದರು. ಅಲ್ಲಿಂದಲೂ ಡಿಸೆಂಬರಿನಲ್ಲಿ ಚೀಟಿ ಬರೆದು ಕಳಿಸುತ್ತಿದ್ದರು. ಒಂದು ವರ್ಷ ನಾನು ಕಾಗದದ ಕಟ್ಟು ಕೊಡಲು ಹೋದಾಗ ಸೊರಗಿದ್ದರು. ಹೊಟ್ಟೆಯಲ್ಲಿ ಗಡ್ಡೆ, ಹುಬ್ಬಳ್ಳಿಯಲ್ಲಿ ಆಪರೇಷನ್ ಲಗೂನೆ ಮಾಡಿಸಬೇಕೆಂದು ಡಾಕ್ಟರು ಹೇಳಿ ತಿಂಗಳುಗಳೇ ಆಗಿದ್ದವು. ತಂಗಿ ಹೇಳಿ ಹೇಳಿ ಸೋತಿದ್ದಳು. ಇವರು ನೋಡೂಣು, ನೋಡೂಣು ಅನ್ನುತ್ತಿದ್ದರು.

"ಇದೇನ್ರಿ ಅಕ್ಕೋರ, ನೀವು ಹಿಂಗ?" ಎಂದೆ.

"ಬ್ಯಾರೇದವರದು ಆರಿಸೂದು ಹಗೂರ ಇತ್ತು, ಮಾಸ್ತರ," ಎಂದು ಸಣ್ಣಗೆ ನಕ್ಕರು. "ನಂದು ಬಂದ ಕೂಡಲೇ ಸುಮ್ಮ ಕುಂತಬಿಟ್ಟೇನಿ ನೋಡ್ರಿ. ಬೆಂಗಳೂರಿನ ಆ ದವಾಖಾನಿ, ಆ ದೀಪ, ಆ ವಾಸನಿ ನೆನಪಾದ್ರ ಕಾಲು ಏಳೂದಿಲ್ಲ."

ಆ ವಾರ ನಾನು ಗಿರಣಿಗೆ ಹೋದಾಗ ಈ ಸುದ್ದಿಯನ್ನೂ ಹೇಳಿದೆ. ಸುದ್ದಿ ಹೊರುವುದು ನನ್ನ ಹಣೆಬರಹ. ದೇವದಾನಪ್ಪ ಚ್ಚು ಚ್ಚು ಎಂದ. ಶಾಂತವ್ವ ಜರಡಿ ಹಿಡಿಯುವುದನ್ನು ನಿಲ್ಲಿಸಲೂ ಇಲ್ಲ. ಕಲ್ಲು ಮನಸ್ಸು ಅಂದುಕೊಂಡು ಬಂದೆ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಕೋರ ಆಪರೇಷನ್ ಆಯಿತು, ಅವರು ಇನ್ನೂ ಕೆಲವು ವರ್ಷ ಬದುಕಿ, ಚೀಟಿ ಬರೆದು, ಬದನೆಕಾಯಿ ಆರಿಸಿ, ಮೊನ್ನೆ ತೀರಿಕೊಂಡರು. ಆದರೆ ಅದು ಆಗುತ್ತದೆಂದು ಆ ಭಾನುವಾರ ಬೆಳಿಗ್ಗೆ ಯಾರಿಗೂ ಗೊತ್ತಿರಲಿಲ್ಲ. ನಾನು ಅವರನ್ನು ನೋಡಲು ಬ್ಯಾಡಗಿಯಲ್ಲಿ ಪ್ಯಾಸೆಂಜರ್ ಹತ್ತಿದರೆ ಕಿಟಕಿಯ ಪಕ್ಕ ಶಾಂತವ್ವ ಕೂತಿದ್ದಳು. ತೊಡೆಯ ಮೇಲೆ ಬಟ್ಟೆಯ ಚೀಲ. ಇಬ್ಬರೂ ಹಾವೇರಿಯಲ್ಲಿ ಇಳಿದೆವು. ಸ್ಟೇಷನ್ನಿಗೆ ಹತ್ತಿರದಲ್ಲೇ ಇದ್ದ ಮನೆಗೆ ನಾನು ದಾರಿ ತೋರಿಸಿದೆ, ಅಷ್ಟೇ.

ಅಕ್ಕೋರು ಪಡಸಾಲೆಯಲ್ಲಿ ಕತ್ತರಿ ಹಿಡಿದು ಕೂತಿದ್ದರು, ಸುತ್ತ ಲಗ್ನಪತ್ರಿಕೆಯ ಚೂರು. ಶಾಂತವ್ವನನ್ನು ಕಂಡು ಎದ್ದು ನಿಲ್ಲಲು ನೋಡಿದರು, ಆಗಲಿಲ್ಲ.

"ಸೀರಿ ಉಟ್ಕೋರಿ, ಅಕ್ಕೋರ," ಎಂದಳು ಶಾಂತವ್ವ. "ಹುಬ್ಬಳ್ಳಿಗೆ ಹೋಗೂಣು."

"ಏನಾರ ಆದ್ರ, ತಂಗಿ?"

"ಆದ್ರ ಶಾಂತವ್ವನೂ ಒಯ್ದಾಕಿ ಅಂತ ಹೇಳ್ರಿ."

ಅಕ್ಕೋರು ಕತ್ತರಿ ಕೆಳಗಿಟ್ಟರು. ತಂಗಿ ಒಳಗೆ ಓಡಿ ಗಂಜಿ ಹಾಕಿದ ಸೀರೆ ತಂದಳು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಅಲ್ಲಿ ಮೆಣಸಿನಕಾಯಿ ಇರಲಿಲ್ಲ.

ಹನ್ನೊಂದರ ಗಾಡಿ ಇನ್ನೂ ಬಂದಿರಲಿಲ್ಲ. ರಸ್ತೆಯಲ್ಲಿ ಅಕ್ಕೋರು ಶಾಂತವ್ವನ ತೋಳು ಹಿಡಿದು ನಡೆದರು, ಹಿಂದೆ ಚೀಲ ಹೊತ್ತು ನಾನು. ತಿರುವಿನ ಹತ್ತಿರ ನಿಂತು ಉಸಿರು ತೆಗೆದುಕೊಂಡು, ಅಪ್ಪನ ವಾಚು ನೋಡಿಕೊಂಡರು.

"ಸಂಜಿ ಅನ್ನೂದರಾಗ ಡಾಕ್ಟರು ನೋಡ್ತಾರ," ಎಂದರು. ಆಮೇಲೆ, ಎಷ್ಟೋ ವರ್ಷಗಳ ಮೇಲೆ ಆ ಮಾತು ನನ್ನ ಕಿವಿಗೆ ಬಿತ್ತು. "ದೇವರ ಚಿತ್ತ ಇದ್ದರ."

"ಕಾಲು ಎತ್ತಿ ಹಾಕ್ರಿ ಅಕ್ಕೋರ," ಎಂದಳು ಶಾಂತವ್ವ, "ಗಾಡಿ ಬರೂ ಹೊತ್ತಾತು."